ಏಕವ್ಯಕ್ತಿಹಾಸ್ಯವೂ ಸ್ತ್ರೀವಾಣಿಯೂ

ನವರಸಗಳಲ್ಲಿ ಹಾಸ್ಯಕ್ಕೆ ಸಲ್ಲುತ್ತ ಬಂದಿರುವ ಗೌರವವು ಅಷ್ಟಕ್ಕಷ್ಟೇ ಎಂಬುದು ಕಾವ್ಯವ್ಯಾಸಂಗಿಗಳಿಗೆ ತಿಳಿಯದ ಸಂಗತಿಯಲ್ಲ. ಶೃಂಗಾರವು ರಸರಾಜನೆಂಬ ಬಿರುದನ್ನು ಪಡೆದಿದೆ. ಕರುಣಕ್ಕೆ ಭವಭೂತಿಯಂಥ ಮಹಾಕವಿಯು ಪಕ್ಷಪಾತಿಯಾಗಿ ನಿಂತನು. ಶಾಂತವನ್ನು ಅಭಿನವಗುಪ್ತಾಚಾರ್ಯರು ಎತ್ತಿಹಿಡಿದರು. ಹಾಸ್ಯವಾದರೋ ಎಲೆಯ ಕೊನೆಯಲ್ಲಿ ಬಡಿಸಿದ ಉಪ್ಪಿನಕಾಯಿಯಂತೆ, ಇದ್ದರೆ ರುಚಿ, ಇಲ್ಲದಿದ್ದರೆ ಊಟವೇನೂ ನಿಲ್ಲದು ಎಂಬ ಭಾವನೆಯಿಂದಲೇ ನೋಡಲ್ಪಟ್ಟಿತು. ಆದರೂ ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಈ ರಸವನ್ನು ಬಹು ಸೂಕ್ಷ್ಮವಾಗಿ ವಿವೇಚಿಸಿರುವನು. ತಾನೇ ನಗುವಾಗ ಆತ್ಮಸ್ಥವೆಂದೂ ಪರರನ್ನು ನಗಿಸುವಾಗ ಪರಸ್ಥವೆಂದೂ ಅದನ್ನು ಎರಡಾಗಿ ವಿಭಾಗಿಸಿ, ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ನಗೆಯ ೬ ಮೆಟ್ಟಿಲುಗಳನ್ನು ಎಣಿಸಿ, ಮೊದಲ ಎರಡು ಉತ್ತಮರಿಗೂ ನಡುವಣ ಎರಡು ಮಧ್ಯಮರಿಗೂ ಕಡೆಯ ಎರಡು ಅಧಮರಿಗೂ ಸಲ್ಲತಕ್ಕವೆಂದು ವಿಧಿಸಿರುವನು. ಅಲ್ಲಿಯೇ ಇನ್ನೊಂದು ಮಾತೂ ಉಂಟು. ಈ ರಸವು ಹೆಚ್ಚಾಗಿ ಕಂಡುಬರುವುದು ಸ್ತ್ರೀಯರಲ್ಲಿಯೂ ನೀಚಪ್ರಕೃತಿಗಳಲ್ಲಿಯೂ ಎಂಬುದೇ ಆ ಮಾತು.

ಸ್ತ್ರೀಯರನ್ನು ಇಲ್ಲಿ ಯಾರ ಪಂಕ್ತಿಯಲ್ಲಿ ಕುಳ್ಳಿರಿಸಲಾಗಿದೆಯೆಂಬುದನ್ನು ಒತ್ತಟ್ಟಿಗಿಟ್ಟು, ಇದನ್ನು ಬರಿಯ ಲೋಕಾನುಭವದ ಹೇಳಿಕೆಯೆಂದೇ ಎಣಿಸಿದರೂ ಒಂದು ಪ್ರಶ್ನೆಯು ಉಳಿದೇ ಉಳಿಯುತ್ತದೆ. ಹಾಸ್ಯವು ಸ್ತ್ರೀಯರಲ್ಲಿ ಅಷ್ಟು ಸಮೃದ್ಧವಾಗಿದ್ದರೆ, ರಂಗದ ಮೇಲೆ ನಿಂತು ನಗಿಸುವ ಅಧಿಕಾರವು ಅವರಿಗೆ ಏಕೆ ದೊರೆಯಲಿಲ್ಲ? ಮೃಚ್ಛಕಟಿಕದ ಮೈತ್ರೇಯ, ಶಾಕುಂತಲದ ಮಾಧವ್ಯ ಮೊದಲಾದ ವಿದೂಷಕರೆಲ್ಲರೂ ಪುರುಷರೇ. ತುಮಕೂರು ಸೀಮೆಯ ಮೂಡಲಪಾಯ ಬಯಲಾಟದಲ್ಲಿ ಕುಣಿದು ನಗಿಸುವ ಕೋಡಂಗಿಯೂ ಹನುಮನಾಯಕನೂ ಪುರುಷರೇ. ಗುಬ್ಬಿಯ ಕಂಪೆನಿಯು ಸ್ತ್ರೀಪಾತ್ರಗಳಿಗೆ ಸ್ತ್ರೀಯರನ್ನೇ ತರುವ ಧೈರ್ಯವನ್ನು ತೋರಿತು. ಆದರೆ ಅಲ್ಲಿಯೂ ಹಾಸ್ಯವೆಂದೊಡನೆ ಜನರ ನೆನಪಿಗೆ ಬರುತ್ತಿದ್ದುದು ‘ಸದಾರಮೆ’ಯಲ್ಲಿ ಕಳ್ಳನಾಗಿ ಬರುತ್ತಿದ್ದ ವೀರಣ್ಣನವರೇ ಹೊರತು ಯಾವ ನಟಿಯೂ ಅಲ್ಲ.

ಹಾಗೆಂದು ಸ್ತ್ರೀಯರು ನಗಿಸಲಿಲ್ಲವೆಂದು ಹೇಳುವಂತಿಲ್ಲ. ಕೋರ ಹೋಬಳಿಯ ಹಳ್ಳಿಗಳಲ್ಲಾಗಲಿ, ಗುಬ್ಬಿ ಕುಣಿಗಲುಗಳ ಕಡೆಯಲ್ಲಾಗಲಿ, ಮದುವೆಯ ಮನೆಯಲ್ಲಿ ಬೀಗರ ಹಾಡನ್ನು ಕೇಳಿದವರು ಇದನ್ನು ಒಪ್ಪದಿರಲಾರರು. ಬೀಗಿತಿಯ ಜಂಬ, ಬೀಗನ ಹೊಟ್ಟೆಬಾಕತನ, ವರನ ಮೋರೆ, ತಂದ ಸೀರೆಯ ಬಡತನ, ಇವಾವುದನ್ನೂ ಆ ಹಾಡುಗಳು ಬಿಡುವುದಿಲ್ಲ. ಎದುರಿಗೆ ಕುಳಿತವರನ್ನು ಎದುರಿಗೇ ಹಾಡಿ ಹಂಗಿಸುವ ಸ್ವಾತಂತ್ರ್ಯವು ಆ ಒಂದು ಹೊತ್ತಿಗೆ ಹೆಂಗಸರಿಗೆ ಸಂದಿತ್ತು. ಬ್ರಾಹ್ಮಣರ ಮನೆಗಳ ಉರುಟಣೆಯ ಹಾಡುಗಳಲ್ಲಿಯೂ ಇದೇ ವಿನೋದವು ಸ್ವಲ್ಪ ನಾಜೂಕಿನಿಂದ ನಡೆಯುತ್ತಿತ್ತು. ಆದರೆ ಈ ಸ್ವಾತಂತ್ರ್ಯಕ್ಕೆ ಎರಡು ಕಟ್ಟುಗಳಿದ್ದವು. ಮೊದಲನೆಯದು, ಅದು ಗುಂಪಿನ ಹಾಡು. ಯಾವ ಮಾತು ಯಾರದೆಂದು ಗುರುತು ಹಿಡಿಯಲಾಗದು. ಎರಡನೆಯದು, ಚಪ್ಪರವನ್ನು ಬಿಚ್ಚಿದೊಡನೆ ಅದೂ ಮುಗಿಯಿತು. ತನ್ನ ಹೆಸರಿನಿಂದ, ತನ್ನ ಬಾಯಿಂದ, ತನ್ನ ಕಥೆಯನ್ನು ಹೇಳಿ ಸಭೆಯನ್ನು ನಗಿಸುವುದೆಂಬುದು ಬೇರೆಯೇ ಸಂಗತಿ.

ಮುದ್ರಣಯಂತ್ರವು ಈ ಕಟ್ಟನ್ನು ಅರ್ಧಮಟ್ಟಿಗೆ ಸಡಿಲಿಸಿತು. ‘ರಾಶಿ’ ಎಂದು ಪ್ರಸಿದ್ಧರಾದ ಡಾಕ್ಟರ್ ಎಂ. ಶಿವರಾಮರು ೧೯೪೨ರಲ್ಲಿ ‘ಕೊರವಂಜಿ’ಯನ್ನು ಆರಂಭಿಸಿದಾಗ, ಅದರ ಪುಟಗಳಲ್ಲಿ ಟಿ. ಸುನಂದಮ್ಮನವರು (೧೯೧೭–೨೦೦೬) ಗೃಹಕೃತ್ಯದ ಪ್ರಸಂಗಗಳನ್ನೇ ವಸ್ತುವಾಗಿಟ್ಟುಕೊಂಡು ವಿನೋದಪ್ರಬಂಧಗಳನ್ನು ಬರೆದರು. ಅದೇ ೧೯೧೭ರಲ್ಲಿ ಅಮೆರಿಕದಲ್ಲಿ ಜನಿಸಿದ ಫಿಲ್ಲಿಸ್ ಡಿಲ್ಲರ್ ಎಂಬಾಕೆಯು, ಸಂಸಾರಸ್ಥಳಾಗಿದ್ದವಳು, ೧೯೫೫ರಲ್ಲಿ ಸಾನ್‌ಫ್ರಾನ್ಸಿಸ್ಕೋ ನಗರದ ಒಂದು ವಿನೋದಶಾಲೆಯಲ್ಲಿ ಧ್ವನಿವರ್ಧಕದ ಮುಂದೆ ಒಬ್ಬಳೇ ನಿಂತು ತನ್ನ ಅಡುಗೆಯನ್ನೂ ಗಂಡನನ್ನೂ ಕುರಿತು ನಗಿಸತೊಡಗಿದಳು. ಇಬ್ಬರಿಗೂ ವಸ್ತುವೊಂದೇ, ಒಬ್ಬರಿಗೆ ಪುಟವು ದೊರೆಯಿತು, ಇನ್ನೊಬ್ಬರಿಗೆ ವೇದಿಕೆ. ಪುಟದಲ್ಲಿ ನಗಿಸುವವರ ಮುಖವು ಕಾಣದು. ವೇದಿಕೆಯಲ್ಲಿ ಮುಖ, ಮೈ, ದನಿ, ವಯಸ್ಸು ಎಲ್ಲವೂ ಸಭೆಯ ಕಣ್ಣಿಗೆ ಒಪ್ಪಿಸಿದಂತೆಯೇ. ಕನ್ನಡನಾಡಿನ ಸ್ತ್ರೀಯು ಆ ಪುಟದಿಂದ ಈ ವೇದಿಕೆಗೆ ಬರಲು ಬಹುಕಾಲವೇ ಹಿಡಿಯಿತು.

ಈಗ ‘ಸ್ಟ್ಯಾಂಡ್‌ಅಪ್’ ಎಂಬ ಹೆಸರಿನಿಂದ ಬೆಂಗಳೂರು ಮೊದಲಾದ ನಗರಗಳಲ್ಲಿ ಬೇರೂರಿರುವ ಏಕವ್ಯಕ್ತಿಹಾಸ್ಯವನ್ನು ಕೆಲವರು ಕೇವಲ ವಿದೇಶೀಯ ವಸ್ತುವೆಂದು ಎಣಿಸುವುದುಂಟು. ಆಚರಣೆಯು ಪಶ್ಚಿಮದಿಂದ ಬಂದಿತೆಂಬುದು ನಿಜವೇ. ಆದರೆ ಅದರ ಆಕೃತಿಯು ಸಂಸ್ಕೃತವನ್ನು ಓದಿದವರಿಗೆ ಹೊಸದಲ್ಲ. ದಶರೂಪಕಗಳಲ್ಲಿ ಭಾಣವೆಂಬುದೊಂದುಂಟಷ್ಟೆ. ಒಂದೇ ಅಂಕ, ಒಬ್ಬನೇ ಪಾತ್ರಧಾರಿ. ಅವನು ನಿಪುಣನಾದ ವಿಟ. ತಾನು ಅನುಭವಿಸಿದ್ದನ್ನೋ ಪರರಿಗೆ ಸಂಬಂಧಿಸಿದ್ದನ್ನೋ ಅವನು ವರ್ಣಿಸುತ್ತಾನೆ. ಎದುರಿಗೆ ಇಲ್ಲದವರೊಡನೆ ಮಾತನಾಡಿ, ಅವರ ಉತ್ತರವನ್ನು ತಾನೇ ಕೇಳಿಸಿಕೊಂಡಂತೆ ನಟಿಸುತ್ತಾನೆ. ಇದಕ್ಕೆ ಆಕಾಶಭಾಷಿತವೆಂದು ಹೆಸರು. ‘ಚತುರ್ಭಾಣೀ’ ಎಂಬ ಹೆಸರಿನಿಂದ ೧೯೨೨ರಲ್ಲಿ ಅಚ್ಚಾದ ನಾಲ್ಕು ಪುರಾತನ ಭಾಣಗಳನ್ನು ಓದಿದವರಿಗೆ ವಿಟನ ಸಂಚಾರಮಾರ್ಗವು ತಿಳಿದೇ ಇದೆ. ಅವನು ವೇಶವಾಟಿಯಲ್ಲಿ ನಡೆಯುತ್ತ, ಮನೆಮನೆಯ ಮುಂದೆ ನಿಂತು, ಈಕೆ ಇಂಥವಳು, ಆಕೆ ಅಂಥವಳು, ಇವಳ ಪ್ರಣಯವು ಹೀಗೆ ಕೆಟ್ಟಿತು, ಅವಳ ಯೌವನವು ಹೀಗೆ ಜಾರಿತು ಎಂದು ಹೇಳುತ್ತ ಹೋಗುವನು. ಆ ಸ್ತ್ರೀಯರಿಗೆ ಅಲ್ಲಿ ಪ್ರತ್ಯೇಕವಾದ ದನಿಯಿಲ್ಲ. ಅವರು ಆಡಿದರೆಂಬ ಮಾತನ್ನೂ ವಿಟನೇ ಆಡಬೇಕು.

ಹಾಗಾದರೆ, ಆ ಬೀದಿಯ ಒಂದು ಮನೆಯ ಬಾಗಿಲು ತೆರೆದು ಆ ಸ್ತ್ರೀಯೇ ಹೊರಗೆ ಬಂದು, ವಿಟನನ್ನು ಪಕ್ಕಕ್ಕೆ ಸರಿಸಿ, ತನ್ನ ಕಥೆಯನ್ನು ತಾನೇ ಹೇಳತೊಡಗಿದರೆ ಏನಾದೀತು? ಈ ಪ್ರಶ್ನೆಗೆ ಉತ್ತರವೆಂಬಂತೆ ಸುಮುಖಿ ಸುರೇಶರ ಇದುವರೆಗಿನ ಕಲಾಜೀವನವು ಕಾಣುತ್ತದೆ.

ಸುಮುಖಿಯವರು ನಾಗಪುರದಲ್ಲಿ ಬೆಳೆದ ತಮಿಳು ಮನೆತನದವರು. ಬೆಂಗಳೂರಿಗೆ ಬಂದು, ಮೊದಲು ಆಶುಹಾಸ್ಯದ ಗುಂಪಿನಲ್ಲಿ ಪಳಗಿ, ಅನಂತರ ಒಂಟಿಯಾಗಿ ವೇದಿಕೆಯನ್ನೇರಿದರು. ‘ಬೆಹ್ತಿ ನಾಕ್’ ಎಂಬ ಮೂಗು ಸೋರುವ ತುಂಟ ಹುಡುಗಿಯ ಪಾತ್ರದಿಂದ ಅಂತರ್ಜಾಲದ ಪ್ರೇಕ್ಷಕರಿಗೆ ಪರಿಚಿತರಾದರು. ಪರೋಪಕಾರದ ಸಂಸ್ಥೆಗಳನ್ನು ಪರಿಹಾಸ ಮಾಡುವ ‘ಬೆಟರ್ ಲೈಫ್ ಫೌಂಡೇಶನ್’ ಎಂಬ ಧಾರಾವಾಹಿಯಲ್ಲಿ ೨೦೧೬ರಲ್ಲಿ ನಟಿಸಿದರು. ನವೀನ್ ರಿಚರ್ಡರೊಡನೆ ‘ಗೋ ಸ್ಟ್ರೇಟ್ ಟೇಕ್ ಲೆಫ್ಟ್’ ಎಂಬ ಕಿರುಪ್ರಹಸನಗಳನ್ನು ರಚಿಸಿದರು. ೨೦೧೭ರ ಡಿಸೆಂಬರಿನಲ್ಲಿ ಅಮೆಜಾನ್ ಪ್ರೈಮ್ ಸಂಸ್ಥೆಯು ಅವರ ‘ಪುಷ್ಪವಲ್ಲಿ’ಯನ್ನು ಪ್ರಕಟಿಸಿತು, ಅದರ ಎರಡನೆಯ ಭಾಗವು ೨೦೨೦ರ ಮಾರ್ಚಿಯಲ್ಲಿ ಬಂದಿತು. ಈ ನಡುವೆ ೨೦೧೯ರಲ್ಲಿ ‘ಡೋಂಟ್ ಟೆಲ್ ಅಮ್ಮ’, ಎಂದರೆ ಅಮ್ಮನಿಗೆ ಹೇಳಬೇಡಿ, ಎಂಬ ಏಕವ್ಯಕ್ತಿಹಾಸ್ಯವು ಹೊರಬಿದ್ದಿತು. ಹೊಸ ಹಾಸ್ಯಗಾರರನ್ನು ಆರಿಸುವ ‘ಕಾಮಿಕ್‌ಸ್ತಾನ್’ ಸ್ಪರ್ಧೆಯ ೨೦೨೨ರ ಆವೃತ್ತಿಯಲ್ಲಿ ಅವರು ಪರೀಕ್ಷಕರ ಪೀಠದಲ್ಲಿ ಕುಳಿತರು.

ಈ ಪಟ್ಟಿಯಲ್ಲಿ ವಿಮರ್ಶಕನು ನಿಲ್ಲಬೇಕಾದ ಸ್ಥಳವು ‘ಪುಷ್ಪವಲ್ಲಿ’ಯೇ. ಕಥೆಯು ಸರಳವಾದುದು. ಭೋಪಾಲದ ಪುಷ್ಪವಲ್ಲಿಯೆಂಬ ತರುಣಿಯು ನಿಖಿಲ್ ರಾವ್ ಎಂಬಾತನನ್ನು ಒಮ್ಮೆ ಭೇಟಿಯಾಗಿ, ಅವನ ಸೌಜನ್ಯವನ್ನೇ ಪ್ರಣಯವೆಂದು ಭಾವಿಸಿ, ಅವನಿರುವ ಬೆಂಗಳೂರಿಗೆ ಹೊರಟುಬರುವಳು. ಮಕ್ಕಳ ಪುಸ್ತಕಾಲಯವೊಂದರಲ್ಲಿ ಕೆಲಸ ಹಿಡಿಯುವಳು. ಅವನನ್ನು ಹಿಂಬಾಲಿಸಲು ಸುಳ್ಳು ಹೇಳುವಳು. ಸುಳ್ಳನ್ನು ಕಾಪಾಡಲು ಮತ್ತೊಂದು ಸುಳ್ಳು, ಅದಕ್ಕೊಬ್ಬ ಸಹಾಯಕ, ಅವನಿಗೊಂದು ಲಂಚ. ಹೀಗೆ ಕಥೆಯು ಗಂಟಿನಮೇಲೆ ಗಂಟಾಗಿ ಬೆಳೆಯುವುದು. ಕಥಾಬೀಜಕ್ಕೆ ಸ್ವಾನುಭವದ ಆಧಾರವುಂಟೆಂಬುದನ್ನು ಕರ್ತ್ರಿಯು ಮರೆಮಾಡಿಲ್ಲ.

ಅಲಂಕಾರಿಕರು ಎಣಿಸಿದ ಅಷ್ಟನಾಯಿಕೆಯರಲ್ಲಿ ಅಭಿಸಾರಿಕೆಯೂ ಒಬ್ಬಳು. ಕತ್ತಲೆ, ಮಳೆ, ಹಾವುಗಳನ್ನು ಲೆಕ್ಕಿಸದೆ ಪ್ರಿಯನಿದ್ದೆಡೆಗೆ ತಾನೇ ಹೋಗುವ ಆಕೆಯನ್ನು ಕವಿಗಳು ಆದರದಿಂದ ವರ್ಣಿಸಿರುವರು. ಪುಷ್ಪವಲ್ಲಿಯೂ ಅಭಿಸಾರಿಕೆಯೇ, ಆದರೆ ಕರೆಯದೆ ಬಂದ ಅಭಿಸಾರಿಕೆ. ರತಿಯು ಉಭಯನಿಷ್ಠವಾಗದೆ ಒಬ್ಬರಲ್ಲಿ ಮಾತ್ರ ನೆಲಸಿದರೆ ಅದು ಶೃಂಗಾರವಲ್ಲ, ಶೃಂಗಾರಾಭಾಸ. ರಾವಣನಿಗೆ ಸೀತೆಯಲ್ಲಿದ್ದ ಅನುರಾಗವೇ ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಇಂಥ ಆಭಾಸದ ಪರ್ಯವಸಾನವು ಹಾಸ್ಯದಲ್ಲಿ ಎಂಬುದು ಅಭಿನವಗುಪ್ತರ ಮತ. ರಾವಣನು ತನ್ನ ಪ್ರೇಮವನ್ನು ಸತ್ಯವೆಂದೇ ನಂಬಿರುತ್ತಾನೆ. ನೋಡುವವರಿಗೆ ಅದು ನಗೆಗೀಡು. ‘ಪುಷ್ಪವಲ್ಲಿ’ಯ ವಿಶೇಷವೇನೆಂದರೆ, ಇಲ್ಲಿ ಆ ರಾವಣಸ್ಥಾನದಲ್ಲಿ ನಿಂತಿರುವವಳು ಸ್ತ್ರೀ, ಅವಳನ್ನು ಅಲ್ಲಿ ನಿಲ್ಲಿಸಿದವಳೂ ಸ್ತ್ರೀ, ಅಷ್ಟೇ ಅಲ್ಲ, ಆ ವೇಷವನ್ನು ಧರಿಸಿದವಳೂ ಅವಳೇ. ಕವಿ, ನಟಿ, ನಾಯಿಕೆ ಮೂವರೂ ಒಬ್ಬರಾಗಿರುವಾಗ ಆತ್ಮಸ್ಥ ಪರಸ್ಥಗಳೆಂಬ ಭೇದವೇ ಕರಗಿಹೋಗುವುದು. ತನ್ನನ್ನು ತಾನು ನೋಡಿ ನಕ್ಕುದನ್ನೇ ಆಕೆ ಲೋಕಕ್ಕೆ ನಗುವಾಗಿ ಹಂಚುತ್ತಾಳೆ.

ಇದಕ್ಕಿಂತಲೂ ಮುಖ್ಯವಾದ ಗುಣವೊಂದುಂಟು. ಕೃತಿಯು ತನ್ನ ನಾಯಿಕೆಯ ಅಪರಾಧವನ್ನು ಮನ್ನಿಸುವುದಿಲ್ಲ. ಪುರುಷನೊಬ್ಬನು ಹೀಗೆ ಸ್ತ್ರೀಯನ್ನು ಹಿಂಬಾಲಿಸಿದರೆ ಅದು ದಂಡಾರ್ಹವಾದ ಅಪರಾಧ. ಭಾರತದಲ್ಲಿ ೨೦೧೩ರಿಂದ ಅದು ದಂಡಸಂಹಿತೆಯಲ್ಲಿಯೂ ಪ್ರತ್ಯೇಕವಾಗಿ ಸೇರಿದೆ. ಸ್ತ್ರೀಯು ಮಾಡಿದಾಗ ಅದನ್ನು ಮುಗ್ಧತೆಯೆಂದು ನಗಿಸಿ ಬಿಟ್ಟುಬಿಡುವುದು ಸುಲಭವಾಗಿದ್ದಿತು. ಸುಮುಖಿಯವರು ಆ ಸುಲಭಮಾರ್ಗವನ್ನು ಹಿಡಿಯಲಿಲ್ಲ. ಪ್ರೇಕ್ಷಕನು ಒಂದು ಹೊತ್ತು ಪುಷ್ಪವಲ್ಲಿಯ ಪಕ್ಷವನ್ನು ವಹಿಸಿ ನಗುತ್ತಾನೆ. ಮರುಗಳಿಗೆಯಲ್ಲಿಯೇ ತಾನು ಯಾವುದಕ್ಕೆ ನಕ್ಕೆನೆಂದು ಅಂಜುತ್ತಾನೆ. ಹಾಸ್ಯದ ಅಂಚಿನಲ್ಲಿಯೇ ಭಯಾನಕವೂ ಕರುಣವೂ ಕಾದಿರುತ್ತವೆ. ಸ್ಥೂಲಕಾಯದ, ಒಲವನ್ನು ಪಡೆಯದ, ಹೆತ್ತ ತಾಯಿಯಿಂದ ಮದುವೆಗಾಗಿ ಒತ್ತಾಯಿಸಲ್ಪಡುವ ಹುಡುಗಿಯೆಂದು ಅವಳಲ್ಲಿ ಕನಿಕರವು ಹುಟ್ಟುವುದು. ಆ ಕನಿಕರವನ್ನು ಅವಳು ದುರುಪಯೋಗಪಡಿಸುವುದನ್ನೂ ಕೃತಿಯು ಮುಚ್ಚಿಡದೆ ತೋರಿಸುವುದು. ಪ್ರಾಂಜಲತೆಯೆಂದರೆ ಇದು. ಅನ್ಯರ ಗುಟ್ಟನ್ನು ಬಯಲಿಗೆ ಎಳೆಯುವುದು ಪ್ರಾಂಜಲತೆಯಲ್ಲ, ಅದು ಚಾಡಿ. ಹೇಳುವವರು ತಮ್ಮ ಗಂಟಿನಿಂದ ಏನನ್ನಾದರೂ ಕಳೆದುಕೊಳ್ಳದಿದ್ದರೆ ಆ ಮಾತಿಗೆ ಸತ್ಯದ ತೂಕವು ಬಾರದು.

ಈ ಮಾತಿನ ಬೆಲೆಯನ್ನು ತಿಳಿಯಲು ತುಮಕೂರು ಜಿಲ್ಲೆಯ ಮಗಳೊಬ್ಬರ ಚರಿತ್ರೆಯನ್ನು ನೆನೆಯಬೇಕು. ೧೯೫೭ರಲ್ಲಿ ನೊಣವಿನಕೆರೆಯಲ್ಲಿ ಹುಟ್ಟಿದ ಉಮಾಶ್ರೀಯವರು ರಂಗಭೂಮಿಯಿಂದ ಬಂದು, ೧೯೮೪ರ ‘ಅನುಭವ’ ಚಿತ್ರದಿಂದ ಹೆಸರಾಗಿ, ಅನಂತರ ಬಹುಕಾಲ ಎನ್. ಎಸ್. ರಾಯರೇ ಮೊದಲಾದವರೊಡನೆ ದ್ವ್ಯರ್ಥದ ಸಂಭಾಷಣೆಗಳ ಪಾತ್ರಗಳಲ್ಲಿ ಕಾಣಿಸಿಕೊಂಡರು. ಊರೂರ ಟೆಂಟುಗಳಲ್ಲಿ ಜನರು ಅವರ ಮಾತಿಗೆ ಬಿದ್ದುಬಿದ್ದು ನಕ್ಕರು. ಆದರೆ ಆ ಮಾತುಗಳನ್ನು ಬರೆದವರು ಬೇರೆ, ಆ ನಗೆಯನ್ನು ಮಾರಿದವರು ಬೇರೆ. ಮರುದಿನ ಅದರ ಅಪಕೀರ್ತಿಯನ್ನು ಹೊತ್ತವರು ಮಾತ್ರ ಆ ನಟಿ. ಅದೇ ಉಮಾಶ್ರೀಯವರು ದೇವನೂರ ಮಹಾದೇವರ ‘ಒಡಲಾಳ’ದ ರಂಗರೂಪದಲ್ಲಿ ಸಾಕವ್ವನಾಗಿ ನಿಂತಾಗ, ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ ಚಿತ್ರದಲ್ಲಿ ನಟಿಸಿ ರಾಷ್ಟ್ರಪ್ರಶಸ್ತಿಯನ್ನು ಪಡೆದಾಗ, ಅವರಲ್ಲಿ ಅಡಗಿದ್ದ ಶಕ್ತಿಯು ಎಂಥದೆಂಬುದು ಪ್ರಕಟವಾಯಿತು. ೨೦೧೩ರಲ್ಲಿ ಅವರು ರಾಜ್ಯದ ಮಂತ್ರಿಗಳೂ ಆದರು. ಇಷ್ಟೆಲ್ಲ ಆದಮೇಲೂ, ಆ ಹಳೆಯ ದ್ವ್ಯರ್ಥದ ಮಾತುಗಳನ್ನು ನೆನಸಿ ಮುಗುಳ್ನಗುವವರು ಇಲ್ಲವೆಂದಿಲ್ಲ. ಸ್ತ್ರೀಯ ಬಾಯಲ್ಲಿ ಪುರುಷನ ಚಪಲವನ್ನಿಟ್ಟು ನಕ್ಕ ಪಾಪಕ್ಕೆ ಸ್ತ್ರೀಯೇ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾಯಿತು. ನಗಿಸುವವಳೇ ಕರ್ತ್ರಿಯಾಗುವುದೆಂಬುದು ಬರಿಯ ವೃತ್ತಿಯ ವ್ಯತ್ಯಾಸವಲ್ಲ, ಮಾನದ ಪ್ರಶ್ನೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ.

ಇಲ್ಲಿ ಪೂರ್ವಪಕ್ಷವೊಂದು ಏಳುವುದು ಸಹಜವೇ. ದೇಹದ ವಿಷಯ, ಪ್ರಣಯದ ವಿಷಯ, ತಾಯಿಗೂ ಹೇಳಬಾರದ ವಿಷಯಗಳನ್ನು ಹೆಣ್ಣುಮಗಳೊಬ್ಬಳು ಸಭೆಯಲ್ಲಿ ಹೇಳುವುದು ಅಶ್ಲೀಲವಲ್ಲವೇ? ನಡುನಡುವೆ ಬರುವ ಬೈಗುಳಗಳು ಗ್ರಾಮ್ಯವಲ್ಲವೇ? ಇದು ಸಹೃದಯರೂ ಕೇಳುವ ಪ್ರಶ್ನೆಯಾದುದರಿಂದ ತಳ್ಳಿಹಾಕತಕ್ಕದ್ದಲ್ಲ.

ಶಾಸ್ತ್ರಕಾರರು ಅಶ್ಲೀಲವನ್ನು ೩ ವಿಧವಾಗಿ ಹೇಳಿರುವರು: ವ್ರೀಡೆಯನ್ನುಂಟುಮಾಡುವುದು, ಜುಗುಪ್ಸೆಯನ್ನುಂಟುಮಾಡುವುದು, ಅಮಂಗಲವನ್ನು ಸೂಚಿಸುವುದು. ಆದರೆ ಮಮ್ಮಟಾಚಾರ್ಯರು ದೋಷಗಳನ್ನು ಎಣಿಸಿದ ಕೈಯಿಂದಲೇ, ವಕ್ತೃ, ಪ್ರಕರಣ ಮುಂತಾದವುಗಳ ಔಚಿತ್ಯದಿಂದ ದೋಷವೂ ಕೆಲವೆಡೆ ಗುಣವಾಗುವುದೆಂದು ಹೇಳಿರುವರು. ಕ್ಷೇಮೇಂದ್ರನಂತೂ ಔಚಿತ್ಯವೇ ಕಾವ್ಯದ ಜೀವಿತವೆಂದನು; ತನ್ನ ‘ನರ್ಮಮಾಲೆ’ಯಲ್ಲಿ ಕಾಶ್ಮೀರದ ಅಧಿಕಾರಿಗಳ ಲಂಚಕೋರತನವನ್ನು ಬಣ್ಣಿಸುವಾಗ ಅವನೇ ನಾಜೂಕನ್ನು ಗಂಟುಕಟ್ಟಿ ಮೂಲೆಗಿಟ್ಟನು. ಆದುದರಿಂದ ಕೇಳಬೇಕಾದುದು, ಮಾತು ಅಶ್ಲೀಲವೇ ಎಂದಲ್ಲ. ಆ ಮಾತನ್ನು ತೆಗೆದುಹಾಕಿದರೆ ಅರ್ಥಕ್ಕೆ ಹಾನಿಯೇ ಎಂದು. ತನ್ನ ಸ್ಥೂಲಕಾಯವನ್ನು ಕುರಿತು ಮಾತನಾಡುವ ಸ್ತ್ರೀಯು ದೇಹದ ಹೆಸರನ್ನು ಹೇಳದೆ ಹೇಗೆ ತಾನೇ ಮಾತನಾಡಬೇಕು? ಚಲನಚಿತ್ರಗಳಲ್ಲಿ ದಪ್ಪನೆಯ ಹೆಂಗಸು ಬಾಗಿಲಲ್ಲಿ ಸಿಕ್ಕಿಕೊಂಡಾಗ ನಕ್ಕ ಸಭೆಯು, ಅದೇ ಹೆಂಗಸು ತನಗಾದ ಅವಮಾನವನ್ನು ತಾನೇ ಹೇಳಿದಾಗ ಅಶ್ಲೀಲವೆಂದು ಕಿವಿ ಮುಚ್ಚಿಕೊಳ್ಳುವುದು ನ್ಯಾಯವಲ್ಲ. ಅಲ್ಲಿ ವ್ರೀಡೆಯಾಗಬೇಕಾದುದು ಹೇಳಿದವಳಿಗಲ್ಲ, ಕೇಳಿದವರಿಗೆ. ಅಂಥ ವ್ರೀಡೆಯು ದೋಷವಲ್ಲ, ಚಿಕಿತ್ಸೆ.

ಬೈಗುಳಗಳ ವಿಷಯದಲ್ಲಿ ಮಾತ್ರ ಪೂರ್ವಪಕ್ಷಕ್ಕೆ ಅರ್ಧ ಜಯವು ಸಲ್ಲಬೇಕು. ‘ಪುಷ್ಪವಲ್ಲಿ’ಯ ವಸತಿಗೃಹದ ಒಡತಿಯಾದ ವಾಸು ಎಂಬಾಕೆಯ ಬಾಯಲ್ಲಿ ಬೈಗುಳವು ಪಾತ್ರದ ಉಸಿರಿನಂತೆಯೇ ಇದೆ, ಅದನ್ನು ಕಿತ್ತರೆ ವಾಸುವೇ ಇಲ್ಲ. ಆದರೆ ಪಾತ್ರದ ಅಗತ್ಯವಿಲ್ಲದೆ, ನಗೆಯು ತಡವಾದೀತೆಂಬ ಅಂಜಿಕೆಯಿಂದ ಬಿತ್ತಿದ ಬೈಗುಳವು, ಉಪ್ಪು ಹೆಚ್ಚಾದ ಸಾರಿನಂತೆ, ಬೇರೆಲ್ಲ ರುಚಿಯನ್ನೂ ಕೊಲ್ಲುತ್ತದೆ. ಈ ದೋಷವು ಏಕವ್ಯಕ್ತಿಹಾಸ್ಯದಲ್ಲಿ ಸ್ತ್ರೀಪುರುಷರಿಬ್ಬರಿಗೂ ಸಾಮಾನ್ಯ. ಪುರುಷನು ಬೈದರೆ ಬಾಯಿಹೊಲಸು ಎನ್ನುವ ಲೋಕವು ಸ್ತ್ರೀಯು ಬೈದರೆ ಕುಲಕ್ಕೆ ಕಳಂಕವೆನ್ನುವುದು ಮಾತ್ರ ಬೇರೆ ಮಾತು.

ಆ ಬೇರೆ ಮಾತು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಮುಂಬಯಿಯ ಅಗ್ರಿಮಾ ಜೋಶುವಾ ಎಂಬ ಹಾಸ್ಯಗಾರ್ತಿಯ ಪ್ರಸಂಗವು ಸಾಕ್ಷಿ. ಸಮುದ್ರದಲ್ಲಿ ನಿಲ್ಲಿಸಬೇಕೆಂದಿದ್ದ ಶಿವಾಜಿಯ ಪ್ರತಿಮೆಯನ್ನು ಕುರಿತು ಜನರು ಅಂತರ್ಜಾಲದಲ್ಲಿ ಬರೆಯುವ ಬಗೆಯನ್ನು ಆಕೆ ಪರಿಹಾಸ ಮಾಡಿದ್ದರು. ಅದು ೨೦೨೦ರ ಜುಲೈಯಲ್ಲಿ ಗದ್ದಲಕ್ಕೆ ಕಾರಣವಾಗಿ, ಆಕೆ ಕ್ಷಮಾಪಣೆಯನ್ನು ಬೇಡಿದರೂ ಬಲಾತ್ಕಾರದ ಬೆದರಿಕೆಗಳು ಬಂದವು. ಬೆದರಿಸಿದವನೊಬ್ಬನನ್ನು ವಡೋದರೆಯಲ್ಲಿ ಪೋಲೀಸರು ಹಿಡಿದರು. ಹಾಸ್ಯವು ಸರಿಯೋ ತಪ್ಪೋ ಎಂಬುದರಲ್ಲಿ ಭಿನ್ನಾಭಿಪ್ರಾಯವಿರಬಹುದು. ಆದರೆ ಪುರುಷನ ಮಾತಿಗೆ ಪ್ರತ್ಯುತ್ತರವು ಮಾತಿನಿಂದಲೋ ಮೊಕದ್ದಮೆಯಿಂದಲೋ ಬರುವುದು. ಸ್ತ್ರೀಯ ಮಾತಿಗೆ ಅವಳ ದೇಹವನ್ನೇ ಗುರಿಯಾಗಿ ಹಿಡಿದು ಬರುವುದು. ಧ್ವನಿವರ್ಧಕದ ಮುಂದೆ ನಿಲ್ಲುವ ಪ್ರತಿಯೊಬ್ಬ ಹೆಣ್ಣುಮಗಳೂ ಇದನ್ನು ಬಲ್ಲಳು. ಬಲ್ಲವಳಾಗಿಯೂ ನಿಲ್ಲುವಳೆಂಬುದನ್ನು ಮರೆತು ಆಕೆಯ ಹಾಸ್ಯವನ್ನು ತೂಗಿದರೆ ತಕ್ಕಡಿಯ ಒಂದು ತಟ್ಟೆಯನ್ನು ಕೈಯಿಂದ ಅದುಮಿದಂತಾಗುವುದು.

ಭಾಣಕ್ಕೂ ಈ ಏಕವ್ಯಕ್ತಿಹಾಸ್ಯಕ್ಕೂ ಇರುವ ಮುಖ್ಯವಾದ ವ್ಯತ್ಯಾಸವೂ ಇಲ್ಲಿಯೇ ಇದೆ. ವಿಟನು ಆಕಾಶದೊಡನೆ ಮಾತನಾಡುವನು, ಆಕಾಶವು ಎದುರಾಡುವುದಿಲ್ಲ. ಈಕೆಯಾದರೋ ಕಣ್ಣೆದುರಿನ ಸಭೆಯೊಡನೆ ಮಾತನಾಡುವಳು. ಸಭೆಯ ನಗೆಯೇ ಉತ್ತರ. ಸಭೆಯ ಮೌನವೂ ಉತ್ತರ. ಒಂದು ವಾಕ್ಯವು ಬಿದ್ದುಹೋದರೆ ಮರುವಾಕ್ಯದಲ್ಲಿ ಅದನ್ನು ಎತ್ತಬೇಕು. ಆದುದರಿಂದಲೇ ಈ ವಿದ್ಯೆಯಲ್ಲಿ ಪಾಂಡಿತ್ಯಕ್ಕಿಂತ ಪ್ರತ್ಯುತ್ಪನ್ನಮತಿತ್ವವೇ ಹೆಚ್ಚು. ಆದುದರಿಂದಲೇ ಸಭೆಯ ಭಾಷೆ ಯಾವುದೆಂಬ ಪ್ರಶ್ನೆಯೂ ಮುಖ್ಯ.

ಸುಮುಖಿಯವರ ಕೃತಿಗಳ ಮೇಲೆ ಕನ್ನಡಿಗರು ಹೊರಿಸಬಹುದಾದ ದೋಷವು ಈ ಭಾಷೆಯದೇ. ‘ಪುಷ್ಪವಲ್ಲಿ’ಯು ನಡೆಯುವುದು ಬೆಂಗಳೂರಿನಲ್ಲಿ, ಅದರ ನುಡಿಯಾದರೋ ಹಿಂದಿ ಇಂಗ್ಲಿಷುಗಳ ಬೆರಕೆ. ವಿದೂಷಕನು ಬ್ರಾಹ್ಮಣನಾಗಿಯೂ ಪ್ರಾಕೃತವನ್ನಾಡಿದಂತೆ ಇದು ಇಂದಿನ ನಗರದ ಪ್ರಾಕೃತವೆಂದು ಸಮಾಧಾನ ಹೇಳಬಹುದು. ಕರ್ತ್ರಿಯ ಮಾತೃಭಾಷೆಯು ಕನ್ನಡವಲ್ಲವೆಂಬುದೂ ನಿಜ. ಆದರೂ ಆ ಕೃತಿಯಲ್ಲಿ ಈ ನಾಡಿನ ಸೊಗಡು ಉಳಿದಿರುವುದು ಮುಖ್ಯವಾಗಿ ವಾಸುವಿನ ಪಾತ್ರದಲ್ಲಿ. ನಗರದ ಹೊಸ ಹಾಸ್ಯಗಳಲ್ಲಿ ಕನ್ನಡವನ್ನಾಡುವವರು ಬಾಡಿಗೆ ಕೇಳುವ ಮನೆಯೊಡತಿ, ಮೀಟರಿಗೆ ಒಪ್ಪದ ಆಟೋದವನು ಮುಂತಾದ ಪಕ್ಕದ ಪಾತ್ರಗಳಾಗಿಯೇ ಬರುವುದು ಕನ್ನಡಿಗರಿಗೆ ಒಪ್ಪತಕ್ಕ ಸಂಗತಿಯಲ್ಲ. ಮನೆಯ ಯಜಮಾನಿತಿಯೇ ತನ್ನ ಮನೆಯಲ್ಲಿ ಅತಿಥಿಪಾತ್ರವನ್ನು ವಹಿಸಿದಂತಾಯಿತು.

ಆದರೆ ವಾಸುವಿನ ಪಾತ್ರವನ್ನು ಧರಿಸಿದ ಶ್ರದ್ಧಾ ಜೈನರೇ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದರು. ರೇಡಿಯೋದಲ್ಲಿ ನಿರೂಪಕಿಯಾಗಿ ಪಳಗಿದ ಅವರು ‘ಅಯ್ಯೋ ಶ್ರದ್ಧಾ’ ಎಂಬ ಹೆಸರಿನಿಂದ ಕಿರುಚಿತ್ರಗಳನ್ನು ಹೊರಡಿಸಿ ಮನೆಮನೆಗೆ ಪರಿಚಿತರಾದರು. ಬೆಂಗಳೂರಿನ ಕಚೇರಿಯ ಅಧಿಕಾರಿ, ನೌಕರ, ಗೃಹಿಣಿ, ಹೀಗೆ ಹಲವು ವೇಷಗಳನ್ನು ಬರಿಯ ದನಿಯ ಬದಲಾವಣೆಯಿಂದ ಅವರು ತೋರಿಸಬಲ್ಲರು. ‘ಅಯ್ಯೋ’ ಎಂಬ ಒಂದೇ ಉದ್ಗಾರದಲ್ಲಿ ಕನ್ನಡಿಗನು ಕನಿಕರ, ಬೇಸರ, ಆಶ್ಚರ್ಯ, ತಿರಸ್ಕಾರ ನಾಲ್ಕನ್ನೂ ಹೇಳಬಲ್ಲನು. ಆ ಉದ್ಗಾರವನ್ನೇ ಬಿರುದಾಗಿ ಧರಿಸಿದ್ದು ಅವರ ಜಾಣ್ಮೆ. ೨೦೨೨ರಲ್ಲಿ ‘ಡಾಕ್ಟರ್ ಜಿ’ ಎಂಬ ಹಿಂದೀ ಚಿತ್ರದಲ್ಲಿ ನಟಿಸಿದರು. ತಮ್ಮ ಏಕವ್ಯಕ್ತಿಹಾಸ್ಯವನ್ನು ಹೊರದೇಶಗಳಿಗೂ ಕೊಂಡೊಯ್ದರು. ೨೦೨೪ರ ಮಾರ್ಚಿ ೮ರಂದು ದೆಹಲಿಯಲ್ಲಿ ರಾಷ್ಟ್ರೀಯ ಸೃಜನಕಾರರ ಪ್ರಶಸ್ತಿಯನ್ನು ಪ್ರಧಾನಮಂತ್ರಿಗಳ ಕೈಯಿಂದ ಪಡೆದರು. ಇವರ ನಗೆಯು ಸ್ಮಿತ ಹಸಿತಗಳ ಮೇರೆಯನ್ನು ಮೀರುವುದು ಅಪೂರ್ವ. ತಾಯಿಯೂ ಮಗಳೂ ಮೊಮ್ಮಗಳೂ ಒಟ್ಟಿಗೆ ಕುಳಿತು ನೋಡಬಹುದು. ಅದೇ ಅವರ ಬಲ, ಅದೇ ಅವರ ಎಲ್ಲೆ. ಲೋಕದ ಸಣ್ಣತನಗಳನ್ನು ಅವರು ಚೆನ್ನಾಗಿ ಬಲ್ಲರು. ತಮ್ಮನ್ನು ಮಾತ್ರ ಸಭೆಗೆ ಒಪ್ಪಿಸಿಕೊಡುವುದಿಲ್ಲ. ಒಬ್ಬರಲ್ಲಿ ಪ್ರಾಂಜಲತೆಯುಂಟು, ಕನ್ನಡವು ವಿರಳ. ಇನ್ನೊಬ್ಬರಲ್ಲಿ ಕನ್ನಡದ ಉಸಿರುಂಟು, ಪ್ರಾಂಜಲತೆಯು ಹಿಡಿತದಲ್ಲಿದೆ. ಇವರಿಬ್ಬರೂ ಒಂದೇ ಕೃತಿಯಲ್ಲಿ ಎದುರುಬದುರಾಗಿ ನಿಂತಿರುವುದು ಕೇವಲ ಕಾಕತಾಳೀಯವಾದರೂ, ವಿಮರ್ಶಕನಿಗೆ ಅದೊಂದು ಸೂಚನೆಯಂತೆ ತೋರುತ್ತದೆ.

ಕನ್ನಡದಲ್ಲಿಯೇ ನಗಿಸುವ ಸ್ತ್ರೀಯರು ಇಲ್ಲವೆಂದು ಇದರಿಂದ ತಿಳಿಯಬಾರದು. ನಗೆಹಬ್ಬಗಳ ವೇದಿಕೆಯಲ್ಲಿ ಸುಧಾ ಬರಗೂರು, ಇಂದುಮತಿ ಸಾಲಿಮಠ ಮೊದಲಾದವರು ಪುರುಷವಾಗ್ಮಿಗಳಿಗೆ ಸರಿಜೋಡಿಯಾಗಿ ನಿಂತಿರುವರು. ಹೊಸ ಮಾದರಿಯ ಏಕವ್ಯಕ್ತಿಹಾಸ್ಯವನ್ನು ಕನ್ನಡದಲ್ಲಿ ನಡೆಸುವ ಸೋನು ವೇಣುಗೋಪಾಲರಂಥವರೂ ಇರುವರು. ಆದರೆ ನಗೆಹಬ್ಬಗಳ ಸಾಮಾನ್ಯವಾದ ಬಂಡವಾಳವು ಇಂದಿಗೂ ಹೆಂಡತಿಯೇ. ಹೆಂಡತಿಯ ಸೀರೆ, ಹೆಂಡತಿಯ ಬಾಯಿ, ಹೆಂಡತಿಯ ತವರು, ಇವುಗಳನ್ನು ಕಳೆದರೆ ಎಷ್ಟೋ ಭಾಷಣಗಳಲ್ಲಿ ನಮಸ್ಕಾರವೂ ವಂದನಾರ್ಪಣೆಯೂ ಮಾತ್ರ ಉಳಿಯುವವು. ಆ ಸಭೆಯಲ್ಲಿ ಕುಳಿತ ಹೆಂಡತಿಯರೂ ನಗುತ್ತಾರೆಂಬುದು ನಿಜ. ಮದುವೆಯ ಚಪ್ಪರದಲ್ಲಿ ಬೀಗರು ನಕ್ಕಂತೆಯೇ ಅದು; ನಗದಿದ್ದರೆ ಮರ್ಯಾದೆಯು ಉಳಿಯದು. ಆ ಹೆಂಡತಿಯು ಎದ್ದುನಿಂತು ತನ್ನ ಪಕ್ಷದ ಕಥೆಯನ್ನು ಕನ್ನಡದಲ್ಲಿ, ತನ್ನ ತಪ್ಪನ್ನೂ ಬಿಡದೆ, ‘ಪುಷ್ಪವಲ್ಲಿ’ಯಷ್ಟು ವಿಸ್ತಾರವಾಗಿ ಹೇಳಿದ ಕೃತಿಯೊಂದಕ್ಕೆ ಕನ್ನಡವು ಕಾದಿದೆ.

ಅದು ಬೆಂಗಳೂರಿನಿಂದಲೇ ಬರಬೇಕೆಂಬ ನಿಯಮವಿಲ್ಲ. ತುಮಕೂರು ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಕುರುಕ್ಷೇತ್ರ ನಾಟಕವನ್ನಾಡುವಾಗ ಊರಿನ ಗಂಡಸರು ಭೀಮ ದುರ್ಯೋಧನರಾಗುವರು. ದ್ರೌಪದಿಯ ಪಾತ್ರಕ್ಕೆ ಮಾತ್ರ ಹೊರಗಿನಿಂದ ನಟಿಯನ್ನು ಗೊತ್ತುಮಾಡಿ ಕರೆತರುವರು. ಊರಿನ ಹೆಣ್ಣುಮಗಳು ಆ ಅಟ್ಟವನ್ನು ಹತ್ತುವುದು ಅಪರೂಪ. ಆದರೆ ಕೋರದ ಸಮೀಪದ ವಸಂತನರಸಾಪುರದ ಕಾರ್ಖಾನೆಗಳಿಗೆ ಸುತ್ತಣ ಹಳ್ಳಿಗಳ ಹೆಣ್ಣುಮಕ್ಕಳೂ ದುಡಿಯಲು ಹೋಗುವ ಕಾಲವಿದು. ಅಟ್ಟವು ದೊರೆಯದಿದ್ದವರಿಗೆ ಅಂಗೈಯಗಲದ ಯಂತ್ರವೇ ರಂಗಸ್ಥಳವಾಗಿದೆ. ಸುಮುಖಿಯವರೂ ಶ್ರದ್ಧಾರವರೂ ಅದರಿಂದಲೇ ಎಲ್ಲರ ಮನೆಗೆ ಬಂದರಷ್ಟೆ. ಬೀಗರ ಹಾಡನ್ನು ಬಾಯಿಪಾಠವಾಗಿ ಬಲ್ಲ ಅಜ್ಜಿಯ ಮೊಮ್ಮಗಳಿಗೆ ಹಾಸ್ಯವನ್ನು ಹೊರಗಿನವರು ಕಲಿಸಬೇಕಾಗಿಲ್ಲ. ಗುಂಪಿನ ಮರೆಯನ್ನು ಬಿಟ್ಟು ಒಬ್ಬಳೇ ನಿಲ್ಲುವ ಧೈರ್ಯವನ್ನು ಮಾತ್ರ ಅವಳು ತರಬೇಕು. ಅದನ್ನು ಅವಳು ತಂದ ದಿನ ಕೇಳುವವರು ತರಬೇಕಾದುದೂ ಒಂದುಂಟು: ತಮ್ಮ ಮನೆಯ ಮಗಳ ಬಾಯಿಂದ ತಮ್ಮ ಮನೆಯ ಸುದ್ದಿಯನ್ನು ಕೇಳಿ, ಕೈಯೆತ್ತದೆ, ಬಾಗಿಲು ಹಾಕದೆ, ನಗಬಲ್ಲ ಸಹೃದಯತೆ. ರಸವು ಕೊನೆಗೆ ನೆಲೆಗೊಳ್ಳುವುದು ಪ್ರೇಕ್ಷಕನಲ್ಲಿ ಎಂದು ಆಚಾರ್ಯರು ಹೇಳಿರುವುದರಿಂದ, ಈ ಹಾಸ್ಯದ ಅರ್ಧ ಹೊಣೆಯು ಪ್ರೇಕ್ಷಕರ ಮೇಲೆಯೇ ಇದೆ.